ಪಲ್ಲಾ, ಪುಲಸ, ಇಲಿಶ್: ದಾರಿ ಕಳೆದುಕೊಂಡ ಮೀನಿನ ಚರಿತ್ರೆ

ಹಿಜರಿ 752ರ ಮುಹರ್ರಮ್ ತಿಂಗಳು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘ್ಲಕ್ ತನ್ನ ವಿರುದ್ಧ ಬಂಡೆದ್ದ ಸರದಾರನೊಬ್ಬನನ್ನು ಬೆನ್ನಟ್ಟಿ ಸಿಂಧ್ ಪ್ರಾಂತ್ಯದ ಥಟ್ಟಾ ಪಟ್ಟಣದ ಸಮೀಪ, ಸಿಂಧೂ ನದಿಯ ದಡದಲ್ಲಿ ಬೀಡುಬಿಟ್ಟಿದ್ದ. ಅವನ ಆರೋಗ್ಯ ಅದಾಗಲೇ ಕೆಟ್ಟಿತ್ತು. ಆದರೂ ಆಶೂರಾದ ದಿನ ಉಪವಾಸ ಹಿಡಿದ. ಉಪವಾಸ ತೊರೆದ ಮೇಲೆ ಮೀನು ತಿಂದ. ಮೀನು ಒಗ್ಗಲಿಲ್ಲ, ಜ್ವರ ಮರುಕಳಿಸಿತು. ಕೆಲವೇ ದಿನಗಳಲ್ಲಿ, 1351ರ ಮಾರ್ಚ್ 20ರಂದು ಸುಲ್ತಾನ ತೀರಿಕೊಂಡ. ಅವನ ಆಸ್ಥಾನದಲ್ಲಿದ್ದ ಚರಿತ್ರೆಕಾರ ಜಿಯಾವುದ್ದೀನ್ ಬರನಿ ಬರೆದಿಟ್ಟ ಸಂಗತಿ ಇದು. ಗಿರೀಶ್ ಕಾರ್ನಾಡರ ನಾಟಕದಿಂದ ತುಘ್ಲಕ್‌ನನ್ನು ಬಲ್ಲ ಕನ್ನಡಿಗರಿಗೆ ದೌಲತಾಬಾದಿನ ಕತೆ ಗೊತ್ತು. ಈ ಮೀನಿನ ಕತೆ ಅಷ್ಟಾಗಿ ಗೊತ್ತಿಲ್ಲ.

ಅದು ಯಾವ ಮೀನು ಎಂದು ಬರನಿ ಹೇಳುವುದಿಲ್ಲ. ಆದರೆ ಥಟ್ಟಾದ ನದಿಯ ಮೀನು ಎಂದರೆ ಪಲ್ಲಾ ಎಂದೇ ಸಿಂಧಿಗಳ ಲೆಕ್ಕ. ಹಾಗಾಗಿ ಸುಲ್ತಾನನ ಕೊನೆಯ ಊಟ ಪಲ್ಲಾವೇ ಇದ್ದೀತು ಎಂದು ಆಮೇಲಿನವರು ಊಹಿಸಿದ್ದಾರೆ. ಊಹೆಯನ್ನು ಊಹೆಯಾಗಿಯೇ ಬಿಡೋಣ. ನಮಗೆ ಇಲ್ಲಿ ಬೇಕಾದದ್ದು ಸುಲ್ತಾನನಲ್ಲ, ಮೀನು. ಪಲ್ಲಾ ಎಂದು ಸಿಂಧಿಗಳು ಕರೆಯುವ ಈ ಮೀನೇ ಬಂಗಾಳಿಗಳ ಇಲಿಶ್, ಗೋದಾವರಿ ತೀರದ ತೆಲುಗರ ಪುಲಸ. ಇಂಗ್ಲಿಷರು ಹಿಲ್ಸಾ ಎಂದರು. ತಾಳಿ ಮಾರಿಯಾದರೂ ಪುಲಸ ತಿನ್ನಬೇಕು ಎಂಬ ಮಾತು ಗೋದಾವರಿ ಜಿಲ್ಲೆಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನಮ್ಮ ಕರಾವಳಿಯವರಿಗೆ ಸುಲಭವಾಗಿ ಹೇಳುವುದಾದರೆ ಇದು ನಮ್ಮ ಬೂತಾಯಿಯ ದೊಡ್ಡ ಬಂಧು. ಅದೇ ಬೆಳ್ಳಿ ಬಣ್ಣ, ಅದೇ ಎಣ್ಣೆ, ಮುಳ್ಳು ಮಾತ್ರ ಇನ್ನೂ ಹೆಚ್ಚು.

ಬೂತಾಯಿ ಕಡಲಿನಲ್ಲೇ ಹುಟ್ಟಿ ಕಡಲಿನಲ್ಲೇ ಸಾಯುತ್ತದೆ. ಇಲಿಶ್ ಹಾಗಲ್ಲ. ಅದು ಉಪ್ಪುನೀರಿನಲ್ಲಿ ಬೆಳೆದು, ಮೊಟ್ಟೆ ಇಡಲು ಸಿಹಿನೀರಿಗೆ ಬರುತ್ತದೆ. ಮಳೆಗಾಲದಲ್ಲಿ ನದಿ ಕೆಂಪಾಗಿ ಕಡಲಿಗೆ ಸೇರುವ ಹೊತ್ತಿಗೆ ಪ್ರವಾಹಕ್ಕೆ ಎದುರಾಗಿ ಹಿಂಡು ಹಿಂಡಾಗಿ ಮೇಲೇರುತ್ತದೆ. ಒಂದೊಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳು ಕೆಲವು ತಿಂಗಳು ನದಿಯಲ್ಲೇ ಇದ್ದು ಮತ್ತೆ ಕಡಲಿಗೆ ಇಳಿಯುತ್ತವೆ. ಹೊಳೆಯ ಹಾವುಮೀನಿನದು ಇದಕ್ಕೆ ತದ್ವಿರುದ್ಧವಾದ ಪಯಣ: ಅದು ಹೊಳೆ, ಕೆರೆಗಳಲ್ಲಿ ವರ್ಷಾನುಗಟ್ಟಲೆ ಬೆಳೆದು ಮೊಟ್ಟೆ ಇಡಲು ದೂರದ ಕಡಲಿಗೆ ಹೋಗುತ್ತದೆ. ದಿಕ್ಕು ಬೇರೆಯಾದರೂ ಎರಡಕ್ಕೂ ಬೇಕಾದದ್ದು ಒಂದೇ, ತೆರೆದ ದಾರಿ. ಕಡಲು ಮತ್ತು ನದಿ ಎರಡೂ ಎಷ್ಟೇ ಶುಚಿಯಾಗಿರಲಿ, ನಡುವೆ ಒಂದು ಗೋಡೆ ಎದ್ದರೆ ಈ ಮೀನುಗಳ ವಂಶ ಅಲ್ಲಿಗೆ ನಿಲ್ಲುತ್ತದೆ. ಕಳೆದ ಎರಡು ಶತಮಾನಗಳಲ್ಲಿ ಉಪಖಂಡದ ನದಿಗಳ ಮೇಲೆ ಎದ್ದ ಗೋಡೆಗಳ ಚರಿತ್ರೆಯನ್ನು ನಾವು ನೀರಾವರಿಯ ಚರಿತ್ರೆಯಾಗಿ ಓದಿದ್ದೇವೆ, ರಾಜ್ಯ ರಾಜ್ಯಗಳ ಜಗಳದ ಚರಿತ್ರೆಯಾಗಿ ಓದಿದ್ದೇವೆ. ಮೀನಿನ ಕಡೆಯಿಂದ, ಮೀನನ್ನು ನಂಬಿದವರ ಕಡೆಯಿಂದ ಓದಿದ್ದು ಕಡಿಮೆ.

ಸಿಂಧೂ ನದಿಯಲ್ಲಿ ಸಕ್ಕರ್ ಮತ್ತು ರೋಹ್ರಿ ಪಟ್ಟಣಗಳ ನಡುವೆ ಒಂದು ಪುಟ್ಟ ದ್ವೀಪವಿದೆ. ಅಲ್ಲಿ ಖ್ವಾಜಾ ಖಿಜ್ರ್ ಅವರ ಸ್ಥಾನ. ಮುಸ್ಲಿಮರು ಅವರನ್ನು ನೀರಿನ ಮೇಲೆ ದಾರಿ ತೋರುವ ಖಿಜ್ರ್ ಎಂದು ನಂಬಿದರೆ, ಅದೇ ಸ್ಥಳಕ್ಕೆ ಬರುತ್ತಿದ್ದ ಹಿಂದೂಗಳು ಜಿಂದಾ ಪೀರ್ ಎಂದು ಕರೆದು ಕೈ ಮುಗಿಯುತ್ತಿದ್ದರು. ಸಿಂಧಿ ಹಿಂದೂಗಳ ಆರಾಧ್ಯ ಝೂಲೇಲಾಲ್ ಚಿತ್ರವನ್ನು ಬೆಂಗಳೂರಿನ ಸಿಂಧಿ ಅಂಗಡಿಗಳಲ್ಲಿ ಓದುಗರು ನೋಡಿರಬಹುದು: ಬಿಳಿ ಗಡ್ಡದ ಹಿರಿಯರು ಮೀನಿನ ಮೇಲೆ ಕುಳಿತಿರುತ್ತಾರೆ. ಆ ಮೀನು ಪಲ್ಲಾ. ಪಲ್ಲಾ ಕಡಲಿನಿಂದ ಹೊರಟು ಸಕ್ಕರ್‌ವರೆಗೆ ಈಜಿ, ಪೀರರ ದ್ವೀಪಕ್ಕೆ ಪ್ರದಕ್ಷಿಣೆ ಬಂದು, ಸ್ಥಾನಕ್ಕೆ ಬಾಲ ತೋರಿಸದೆ ಹಿಮ್ಮುಖವಾಗಿ ಸರಿದು ಹಿಂದಿರುಗುತ್ತದೆ ಎಂಬುದು ನದಿಯ ಮೇಲೆ ಬಾಳುವ ಮೊಹಾಣಾ ಬೆಸ್ತರ ನಂಬಿಕೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮುನ್ನ ಒಂದು ಮಾತು. ಈ ಮೀನು ಕಡಲಿನಿಂದ ಬರುತ್ತದೆ, ನಿರ್ದಿಷ್ಟ ಋತುವಿನಲ್ಲಿ ಬರುತ್ತದೆ, ಮೇಲೆ ಬಂದು ತನ್ನ ಕೆಲಸ ಮುಗಿಸಿ ಹಿಂದಿರುಗುತ್ತದೆ ಎಂಬ ಮೂರು ಸತ್ಯಗಳು ಆ ಕತೆಯೊಳಗಿವೆ. ವಿಜ್ಞಾನಿಗಳು ಅದನ್ನು ಬರೆದಿಡುವ ಎಷ್ಟೋ ಕಾಲದ ಮೊದಲೇ ಬೆಸ್ತರು ಅದನ್ನು ತಮ್ಮ ಭಾಷೆಯಲ್ಲಿ ಹೇಳಿದ್ದರು.

1932ರಲ್ಲಿ ಸಕ್ಕರ್ ಬ್ಯಾರೇಜು ಎದ್ದದ್ದು ಅದೇ ಪೀರರ ದ್ವೀಪದ ಸ್ವಲ್ಪ ಕೆಳಗೆ. ಮರುಭೂಮಿಗೆ ನೀರು ಹರಿಯಿತು, ಗೋಧಿ, ಹತ್ತಿ ಬೆಳೆಯಿತು, ಅದನ್ನು ಸಣ್ಣದೆನ್ನಲಾಗದು. ಆದರೆ ಪಲ್ಲಾದ ಯಾತ್ರೆಗೆ ಗೋಡೆ ಬಿತ್ತು. 1955ರಲ್ಲಿ ಇನ್ನೂ ಕೆಳಗೆ ಹೈದರಾಬಾದಿನ ಬಳಿ ಕೋಟ್ರಿ ಬ್ಯಾರೇಜು ಬಂತು. ಒಂದು ಕಾಲಕ್ಕೆ ಮುಲ್ತಾನ್‌ವರೆಗೂ ಏರುತ್ತಿದ್ದ ಮೀನು ಈಗ ಕೋಟ್ರಿಯ ಬಾಗಿಲಿಗೆ ಬಂದು ನಿಲ್ಲುತ್ತದೆ, ಅದೂ ನದಿಯಲ್ಲಿ ನೀರಿದ್ದರೆ. ಕಡಲು ಸೇರುವ ನೀರೇ ಇಲ್ಲದ ತಿಂಗಳುಗಳಲ್ಲಿ ಮೀನಿಗೆ ನದಿಯ ಬಾಯಿಯೇ ಸಿಗುವುದಿಲ್ಲ. ಹೊಟ್ಟೆಯ ಕೆಳಗೆ ದೊಡ್ಡ ಮಣ್ಣಿನ ಮಡಕೆ ಇಟ್ಟುಕೊಂಡು ತೇಲುತ್ತಾ ಪಲ್ಲಾ ಹಿಡಿಯುತ್ತಿದ್ದ ಮೊಹಾಣಾಗಳ ವಿದ್ಯೆ ಈಗ ಹೆಚ್ಚಾಗಿ ಹಳೆಯ ಪುಸ್ತಕಗಳ ಚಿತ್ರಗಳಲ್ಲಿದೆ.

ಇಲಿಶ್ ಮೀನಿಗೆ ವಿಜ್ಞಾನದಲ್ಲಿ ಹೆಸರು ಸಿಕ್ಕ ಕತೆಗೂ ನಮ್ಮ ನಾಡಿಗೂ ಒಂದು ನಂಟಿದೆ. ಟಿಪ್ಪು ಸುಲ್ತಾನರ ಪತನದ ಮರುವರ್ಷ, ಅಂದರೆ 1800ರಲ್ಲಿ, ಹೊಸದಾಗಿ ಕೈಸೇರಿದ ಮೈಸೂರು, ಕೆನರಾ, ಮಲಬಾರುಗಳಲ್ಲಿ ಏನೇನಿದೆ ಎಂದು ನೋಡಿಬರಲು ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಅವನ ಪ್ರವಾಸ ಕಥನವನ್ನು ಬಳಸದೆ ಆ ಕಾಲದ ಕರ್ನಾಟಕದ ಚರಿತ್ರೆ ಬರೆಯುವವರಿಲ್ಲ. ಅದೇ ಬುಕಾನನ್ ಆಮೇಲೆ ಬಂಗಾಳ, ಬಿಹಾರ ಸುತ್ತಿ, 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಬಂಗಾಳಿಗಳ ಬಾಯಲ್ಲಿದ್ದ 'ಇಲಿಶ್' ಶಾಸ್ತ್ರೀಯ ನಾಮದೊಳಗೆ 'ಇಲಿಶ' ಎಂದು ಸೇರಿದ್ದು ಅಲ್ಲಿ. ಆಗ ಗಂಗೆಗೆ ಅಡ್ಡಗಟ್ಟೆ ಇರಲಿಲ್ಲ. ಇಲಿಶ್ ಬಂಗಾಳ ದಾಟಿ ಅಲಹಾಬಾದ್, ಕಾನ್ಪುರದವರೆಗೆ, ಯಮುನೆಯಲ್ಲಿ ಆಗ್ರಾದವರೆಗೂ ಏರುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ದಕ್ಷಿಣದಲ್ಲಿ. ಆರ್ಥರ್ ಕಾಟನ್ ಎಂಬ ಇಂಜಿನಿಯರ್ 1836ರಲ್ಲಿ ಕಾವೇರಿಯ ಕವಲಾದ ಕೊಳ್ಳಿಡಂಗೂ 1852ರ ಹೊತ್ತಿಗೆ ಗೋದಾವರಿಗೆ ಧವಳೇಶ್ವರದಲ್ಲಿಯೂ ಅಣೆಕಟ್ಟು ಕಟ್ಟಿ ಮುಗಿಸಿದ. ಗೋದಾವರಿ ಜಿಲ್ಲೆಗಳ ರೈತರು ಇಂದಿಗೂ ಕಾಟನ್‌ನ ಪ್ರತಿಮೆಗೆ ಮಾಲೆ ಹಾಕುತ್ತಾರೆ, ಅದಕ್ಕೆ ಕಾರಣವೂ ಇದೆ. ಬರದಲ್ಲಿ ಸಾಯುತ್ತಿದ್ದ ಸೀಮೆಗೆ ಅವನು ಅನ್ನ ತಂದ. ಆದರೆ ಅಣೆಕಟ್ಟಿನ ಬುಡದಲ್ಲಿ ಪ್ರತಿ ಮಳೆಗಾಲವೂ ಮೊಟ್ಟೆ ಹೊತ್ತ ಮೀನುಗಳು ಮುಂದೆ ಹೋಗಲಾರದೆ ದಟ್ಟೈಸತೊಡಗಿದವು. ಬಲೆ ಬೀಸುವ ಶ್ರಮವೂ ಇಲ್ಲದೆ ಅವನ್ನು ಬಾಚಿಕೊಳ್ಳಬಹುದಿತ್ತು. ಮದರಾಸು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ 1873ರಲ್ಲಿ ಭಾರತ ಮತ್ತು ಬರ್ಮಾದ ಸಿಹಿನೀರು ಮೀನುಗಾರಿಕೆಯ ಬಗ್ಗೆ ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಈ ಅಡ್ಡಗಟ್ಟೆಗಳ ವಿಷಯವನ್ನು ಎತ್ತಿದ, ಮೀನು ಹತ್ತಿಹೋಗಲು ದಾರಿ ಬಿಡಬೇಕೆಂದ. ಅಂದರೆ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಇಲ್ಲೊಂದು ಸಂಗತಿಯನ್ನು ನಾವು ಒತ್ತಿ ಹೇಳಬೇಕು. ಬ್ರಿಟಿಷರ ಸ್ವಂತ ಊರಿನಲ್ಲಿ 1861ರಷ್ಟು ಹಿಂದೆಯೇ ಸಾಲ್ಮನ್ ಮೀನುಗಾರಿಕೆ ಕಾಯ್ದೆ ಬಂದು, ಹೊಸದಾಗಿ ಕಟ್ಟುವ ಒಡ್ಡುಗಳಿಗೆ ಮೀನಿನ ದಾರಿ ಇರಬೇಕೆಂದು ವಿಧಿಸಿತ್ತು. ಭಾರತಕ್ಕೆಂದು ಅವರು 1897ರಲ್ಲಿ ಮಾಡಿದ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧವಾಗಿಸಿತು. ಅದು ಸರಿಯೇ. ಆದರೆ ಸರಕಾರವೇ ಕಟ್ಟುವ ಅಣೆಕಟ್ಟಿಗೆ ಮೀನಿನ ದಾರಿ ಕಡ್ಡಾಯ ಎಂಬ ಮಾತು ಅದರಲ್ಲಿ ಬರಲಿಲ್ಲ. ಮೀನು ಕಡಿಮೆಯಾದರೆ ತಪ್ಪು ಬೆಸ್ತನದು, ಇಂಜಿನಿಯರನದಲ್ಲ. ವಸಾಹತು ಕಾಲದ ಈ ನ್ಯಾಯ ಸ್ವಾತಂತ್ರ್ಯದ ನಂತರವೂ ಹಾಗೆಯೇ ಮುಂದುವರಿಯಿತು.

ದಾರಿ ಬಿಟ್ಟ ಕಡೆಯೂ ಅದು ಸರಿಯಾದ ದಾರಿಯಾಗಿರಲಿಲ್ಲ. ಯುರೋಪಿನಲ್ಲಿ ರೂಢಿಯಲ್ಲಿದ್ದದ್ದು ಮೀನಿನ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾದ ಸಣ್ಣ ಸಣ್ಣ ನೀರಿನ ತೊಟ್ಟಿಗಳು. ಸಾಲ್ಮನ್ ಒಂದರಿಂದ ಇನ್ನೊಂದಕ್ಕೆ ನೆಗೆದು ಮೇಲೇರುತ್ತದೆ. ನೆಗೆಯುವುದು ಅದರ ಜಾಯಮಾನ. ಇಲಿಶ್ ಆಳದ ಹರಿವಿನಲ್ಲಿ ಹಿಂಡಾಗಿ ಈಜುವ ಮೀನು, ಅದು ನೆಗೆಯುವುದಿಲ್ಲ. ಹಾವುಮೀನಿನ ಮರಿಗೆ ನೆಗೆಯಲೂ ಬಾರದು, ಆದರೆ ಒದ್ದೆಯಾದ ಒರಟು ಮೇಲ್ಮೈ ಸಿಕ್ಕರೆ ತೆವಳಿಕೊಂಡು ಏರಬಲ್ಲದು. ಅದಕ್ಕಾಗಿಯೇ ಯುರೋಪಿನ ಹಲವು ಒಡ್ಡುಗಳಲ್ಲಿ ಬ್ರಶ್ಶಿನಂತೆ ಕೂದಲು ನೆಟ್ಟ ಇಳಿಜಾರು ಹಲಗೆಗಳನ್ನು ಇಡುತ್ತಾರೆ. ಅಲ್ಲಿಯ ಹಾವುಮೀನು ಅಳಿವಿನ ಅಂಚಿಗೆ ಬಂದ ಮೇಲೆ, ಕಡಲಿಗೆ ಇಳಿಯುವ ದೊಡ್ಡ ಮೀನುಗಳಲ್ಲಿ ಕನಿಷ್ಠ ಶೇ. 40ರಷ್ಟಾದರೂ, ಮನುಷ್ಯನ ಅಡ್ಡಿಯೇ ಇಲ್ಲದಿದ್ದರೆ ಎಷ್ಟು ಇಳಿಯುತ್ತಿದ್ದವೋ ಆ ಲೆಕ್ಕದಲ್ಲಿ, ಪಾರಾಗಬೇಕೆಂದು ಯುರೋಪಿನ ಒಕ್ಕೂಟ 2007ರಲ್ಲಿ ನಿಯಮ ಮಾಡಿತು. ಒಂದೊಂದು ಮೀನಿಗೆ ಒಂದೊಂದು ಬಗೆಯ ಬಾಗಿಲು ಬೇಕು. ಸಾಲ್ಮನ್‌ಗೆ ಮಾಡಿದ ಬಾಗಿಲನ್ನು ತಂದು ಇಲಿಶ್ ಮುಂದೆ ಇಟ್ಟರೆ ಅದು ತಲೆ ಹಾಕದು.

1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡಾಗ ಕಾವೇರಿಯಲ್ಲಿ ಇದ್ದಬದ್ದ ದಾರಿಯೂ ಮುಚ್ಚಿತು. ಆರೇ ವರ್ಷಗಳಲ್ಲಿ, 1940ರಲ್ಲಿ, ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅಣೆಕಟ್ಟುಗಳು ಮತ್ತು ವಲಸೆ ಮೀನುಗಳ ಸಮಸ್ಯೆಯ ಕುರಿತೇ ಲೇಖನ ಬರೆದರು. ಅದು ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಹೊಗೇನಕಲ್ಲಿನಿಂದ ಮೇಲಿನ ನಮ್ಮ ಕಾವೇರಿಯಲ್ಲಿ ಕಡಲಿನ ಮೀನಿನ ಪ್ರಶ್ನೆ ಇಲ್ಲ. ಆದರೆ ನದಿಯೊಳಗೇ ಮೇಲೆ ಕೆಳಗೆ ಸಂಚರಿಸಿ ಮೊಟ್ಟೆ ಇಡುವ, ಒಂದಾಳು ತೂಗುವ ಡುಬ್ಬದ ಮಹಶೀರ್ ಇದೆ, ಅಥವಾ ಇತ್ತು. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು.

ಇನ್ನು ಫರಕ್ಕಾ. ಕಲ್ಕತ್ತಾ ಬಂದರಿನಲ್ಲಿ ಹೂಳು ತುಂಬುತ್ತಿತ್ತು. ಗಂಗೆಯ ನೀರನ್ನು ಭಾಗೀರಥಿ, ಹೂಗ್ಲಿಯ ಕಡೆ ತಿರುಗಿಸಿದರೆ ಹೂಳು ಕೊಚ್ಚಿಹೋಗಿ ಹಡಗುಗಳು ಬರಬಹುದು ಎಂಬುದು ಲೆಕ್ಕಾಚಾರ. ಪಶ್ಚಿಮ ಬಂಗಾಳದ ಇಂಜಿನಿಯರ್ ಕಪಿಲ್ ಭಟ್ಟಾಚಾರ್ಯ ಇದನ್ನು ವಿರೋಧಿಸಿದರು. ಹೂಳು ಹೋಗುವುದಿಲ್ಲ, ಮೇಲಿನ ಬಿಹಾರ, ಮಾಲ್ದಾಗಳಲ್ಲಿ ಪ್ರವಾಹ ಹೆಚ್ಚುತ್ತದೆ ಎಂದು ಅಂಕಿ ಅಂಶ ಇಟ್ಟು ವಾದಿಸಿದರು. ಅದಕ್ಕೆ ಅವರಿಗೆ ಸಿಕ್ಕ ಬಿರುದು ಪಾಕಿಸ್ತಾನದ ಏಜೆಂಟ್ ಎಂಬುದು. ಅಂಕಿ ಸಂಖ್ಯೆಗೆ ಉತ್ತರ ಇಲ್ಲದಾಗ ದೇಶದ್ರೋಹದ ಮೊಹರು ಒತ್ತುವ ಅಭ್ಯಾಸ ಹೊಸದೇನಲ್ಲ. ಎರಡು ಕಿಲೋಮೀಟರಿಗೂ ಉದ್ದದ, 109 ಬಾಗಿಲುಗಳ ಬ್ಯಾರೇಜು 1975ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. ಮರುವರ್ಷ ಮೇ 16ರಂದು ಮೌಲಾನಾ ಭಾಷಾನಿ ಇಳಿವಯಸ್ಸಿನಲ್ಲಿ, ಅನಾರೋಗ್ಯದ ನಡುವೆಯೂ, ಬಾಂಗ್ಲಾದೇಶದ ರಾಜಶಾಹಿಯಿಂದ ಫರಕ್ಕಾದತ್ತ ಸಾವಿರಾರು ಜನರ ಮೆರವಣಿಗೆ ಹೊರಡಿಸಿದರು. ಅಂದಿನಿಂದ ಇಂದಿನವರೆಗೂ ಫರಕ್ಕಾ ಎಂದರೆ ಎರಡು ದೇಶಗಳ ನಡುವಿನ ನೀರಿನ ತಕರಾರು. ಯಾರಿಗೆ ಎಷ್ಟು ಕ್ಯೂಸೆಕ್ಸ್ ಎಂಬುದೇ ಮಾತು.

ಕ್ಯೂಸೆಕ್ಸಿನ ಲೆಕ್ಕದಲ್ಲಿ ಬಾರದ ಒಂದು ಸಮುದಾಯ ಬ್ಯಾರೇಜಿನ ಮೇಲ್ಭಾಗದಲ್ಲಿತ್ತು. ಬಿಹಾರದ ಭಾಗಲ್ಪುರ ಜಿಲ್ಲೆಯಲ್ಲಿ ಸುಲ್ತಾನ್‌ಗಂಜ್‌ನಿಂದ ಪೀರ್‌ಪೈಂತಿವರೆಗೆ ಸುಮಾರು 80 ಕಿಲೋಮೀಟರ್ ಗಂಗೆ ಖಾಸಗಿ ಸ್ವತ್ತಾಗಿತ್ತು ಎಂದರೆ ಇಂದಿನವರು ನಂಬಲಿಕ್ಕಿಲ್ಲ. ನೆಲದ ಜಮೀನ್ದಾರಿಕೆ ರದ್ದಾಗಿ ದಶಕಗಳಾದರೂ ನೀರಿನ ಜಮೀನ್ದಾರಿಕೆ ಉಳಿದಿತ್ತು. ನದಿಯ ಒಂದು ಪಾಲು ಒಂದು ಹಿಂದೂ ಮನೆತನದ್ದು, ಇನ್ನೊಂದು ಪಾಲು ಒಂದು ಮುಸ್ಲಿಮ್ ಮನೆತನದ್ದು. ಹಕ್ಕು ಮೊಗಲರ ಕಾಲದ್ದೆಂಬ ವಾದ. ಶೋಷಣೆಯ ಮಟ್ಟಿಗೆ ಕೋಮು ಸೌಹಾರ್ದಕ್ಕೆ ಕೊರತೆ ಇರಲಿಲ್ಲ ಎನ್ನೋಣ. ದೋಣಿ ಇಳಿಸುವ ಪ್ರತಿಯೊಬ್ಬ ಮಲ್ಲಾಹನೂ ಗುತ್ತಿಗೆದಾರರಿಗೆ ತೆರಿಗೆ ಕಟ್ಟಬೇಕಿತ್ತು, ಇಲ್ಲವಾದರೆ ಬಲೆಯೂ ಇಲ್ಲ, ಹಿಡಿದ ಮೀನೂ ಇಲ್ಲ. 1982ರ ಫೆಬ್ರವರಿಯಲ್ಲಿ ಕಹಲ್‌ಗಾಂವ್‌ನಲ್ಲಿ ಗಂಗಾ ಮುಕ್ತಿ ಆಂದೋಲನ ಆರಂಭವಾಯಿತು. ಸುಮಾರು ಒಂದು ದಶಕದ ಅಹಿಂಸಾತ್ಮಕ ಹೋರಾಟದ ನಂತರ, 1991ರಲ್ಲಿ ಬಿಹಾರ ಸರಕಾರ ಸಾಂಪ್ರದಾಯಿಕ ಬೆಸ್ತರಿಗೆ ನದಿಯಲ್ಲಿ ತೆರಿಗೆಯಿಲ್ಲದೆ ಮೀನು ಹಿಡಿಯುವ ಹಕ್ಕನ್ನು ಒಪ್ಪಿಕೊಂಡಿತು.

ನದಿ ಸಿಕ್ಕಿತು. ಮೀನು? ಫರಕ್ಕಾದ ಬಾಗಿಲು ಬಿದ್ದು ಅಷ್ಟರಲ್ಲಿ 16 ವರ್ಷ. ಭಾಗಲ್ಪುರ, ಬಕ್ಸರ್, ಅಲಹಾಬಾದಿನ ಮಾರುಕಟ್ಟೆಗಳಲ್ಲಿ ನದಿಯ ಇಲಿಶ್ ಹೆಸರಿಗಷ್ಟೇ ಉಳಿದಿತ್ತು. ಫರಕ್ಕಾದಲ್ಲಿ ಮೀನಿಗೆಂದು ಲಾಕ್ ಇಟ್ಟಿದ್ದರೂ ಅದರಿಂದ ಮೀನಿಗೆ ಪ್ರಯೋಜನವಾಗಲಿಲ್ಲ. ಅದೇ 1991ರಲ್ಲಿ ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗಿನ ನದಿಯನ್ನು ಡಾಲ್ಫಿನ್ ಅಭಯಾರಣ್ಯವೆಂದೂ ಘೋಷಿಸಲಾಯಿತು. ಡಾಲ್ಫಿನ್ ಉಳಿಯಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಜಮೀನ್ದಾರನ ಕೈಯಿಂದ ನದಿಯನ್ನು ಬಿಡಿಸಿಕೊಂಡ ಜನ ಇನ್ನು ಮುಂದೆ ಅರಣ್ಯ ಇಲಾಖೆಯೊಂದಿಗೂ ವ್ಯವಹರಿಸಬೇಕಾಯಿತು. ಬಿಹಾರ, ಪೂರ್ವ ಉತ್ತರ ಪ್ರದೇಶಗಳಿಂದ ಗುಳೆ ಹೋಗಿ ಮಹಾನಗರಗಳಲ್ಲಿ ಕೂಲಿಗೆ ನಿಂತವರ ಬಗ್ಗೆ ಎಷ್ಟೋ ವರದಿಗಳು ಬರುತ್ತವೆ. ಅವರಲ್ಲಿ ನದಿ ಕಳೆದುಕೊಂಡ ಬೆಸ್ತರೂ ಇದ್ದಾರೆ ಎಂಬುದನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಬ್ಯಾರೇಜಿನ ಕೆಳಗಿನ ಬಾಂಗ್ಲಾದೇಶದ ಕತೆ ಬೇರೆ. ಅಲ್ಲಿ ದಾರಿ ಪೂರ್ತಿ ಮುಚ್ಚಿಲ್ಲ; ಪದ್ಮಾ, ಮೇಘನಾ ನದಿಗಳ ಬಾಯಿ ತೆರೆದೇ ಇದೆ. ಮಾಣಿಕ್ ಬಂದ್ಯೋಪಾಧ್ಯಾಯರು 1936ರಲ್ಲಿ 'ಪದ್ಮಾ ನದಿಯ ಅಂಬಿಗ' ಕಾದಂಬರಿ ಬರೆದಾಗ ಇಲಿಶ್ ಹಿಡಿಯುವುದು ಬಹುಪಾಲು ಹಿಂದೂ ಬೆಸ್ತ ಜಾತಿಗಳ ಕಸುಬು. ದೇಶ ವಿಭಜನೆಯಾಯಿತು, ಹಲವರು ಊರು ಬಿಟ್ಟರು, ನದಿ ಕೊರೆದು ಹೊಲ ಕಳೆದುಕೊಂಡ ಮುಸ್ಲಿಮ್ ರೈತರು ಬಲೆ ಹಿಡಿದರು. ದೋಣಿಗೆ ಮೋಟಾರು ಬಂತು, ನೈಲಾನ್ ಬಲೆ ಬಂತು, ಕಣ್ಣು ಕಿರಿದಾಗುತ್ತಾ ಹೋಯಿತು. ಜಾಟ್ಕಾ ಎಂದು ಕರೆಯುವ ಮರಿ ಇಲಿಶ್ ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಿತ್ತು. 2002-03ರ ಹೊತ್ತಿಗೆ ದೇಶದ ಇಲಿಶ್ ಉತ್ಪತ್ತಿ 2 ಲಕ್ಷ ಟನ್ನಿಗಿಂತ ಕೆಳಗಿಳಿಯಿತು.

ಆಗ ಸರಕಾರ ಎಚ್ಚೆತ್ತಿತು. ಹಿಡಿಯಬಾರದ ನದಿ ಭಾಗಗಳನ್ನು ಗುರುತಿಸಿ ಕಾಯ್ದಿಟ್ಟಿತು. ಅಂಥವು ಈಗ ಆರು. 25 ಸೆಂಟಿಮೀಟರಿಗಿಂತ ಚಿಕ್ಕ ಮೀನನ್ನು ನವೆಂಬರ್‌ನಿಂದ ಜೂನ್‌ವರೆಗೆ ಹಿಡಿಯುವಂತಿಲ್ಲ. ಆಶ್ವಿನದ ಹುಣ್ಣಿಮೆಯ ಆಸುಪಾಸಿನಲ್ಲಿ ಮೀನು ಮೊಟ್ಟೆ ಇಡಲು ಬರುವ 22 ದಿನ ಇಲಿಶ್ ಹಿಡಿಯುವುದು, ಸಾಗಿಸುವುದು, ಮಾರುವುದು ಎಲ್ಲವೂ ನಿಷಿದ್ಧ. ಇದರಲ್ಲಿ ಹಳೆಯ ವಿವೇಕವೂ ಇದೆ. ವಿಜಯದಶಮಿಯಿಂದ ಸರಸ್ವತಿ ಪೂಜೆಯವರೆಗೆ ಇಲಿಶ್ ತಿನ್ನಬಾರದೆಂಬ ರೂಢಿ ಬಂಗಾಳದ ಅನೇಕ ಹಿಂದೂ ಮನೆಗಳಲ್ಲಿತ್ತು. ಮರಿ ಬೆಳೆಯುವ ತಿಂಗಳುಗಳೇ ಅವು. ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ಕಾಯುವ ನಮ್ಮ ಕರಾವಳಿಯ ಮೊಗವೀರರಿಗೂ ಬ್ಯಾರಿ ಮೀನು ವ್ಯಾಪಾರಿಗಳಿಗೂ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಫಲ ಸಿಕ್ಕಿತು. 2020ರ ಹೊತ್ತಿಗೆ ಉತ್ಪತ್ತಿ 5.5 ಲಕ್ಷ ಟನ್ ಮುಟ್ಟಿತು. ಜಗತ್ತಿನ ಇಲಿಶ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದು ದೇಶದ್ದು. ಬಡ ದೇಶವೊಂದು ವಲಸೆ ಮೀನನ್ನು ಹೀಗೆ ಉಳಿಸಿಕೊಂಡ ಉದಾಹರಣೆ ಹೆಚ್ಚಿಲ್ಲ. ಆದರೆ ಬೆಲೆ ತೆತ್ತವರು ಯಾರು ಎಂಬುದನ್ನೂ ನೋಡಬೇಕು. ಜಾಟ್ಕಾ ನಿಷೇಧದ ನಾಲ್ಕು ತಿಂಗಳು ನೋಂದಾಯಿತ ಬೆಸ್ತ ಕುಟುಂಬಕ್ಕೆ ತಿಂಗಳಿಗೆ 40 ಕೆ.ಜಿ. ಅಕ್ಕಿ ಕೊಡುತ್ತಾರೆ. ಎಲ್ಲರಿಗೂ ತಲಪುವುದಿಲ್ಲ ಎಂಬ ದೂರು ಇದ್ದೇ ಇದೆ. ಅಕ್ಕಿ ಬೇಯಿಸಲು ಎಣ್ಣೆ, ಬೇಳೆ, ಉಪ್ಪು ಬೇಡವೇ? ಅವರು 'ದಾದನ್' ಎಂಬ ಮುಂಗಡ ಸಾಲ ಪಡೆದ ಮಹಾಜನನಿಗೆ ನಿಷೇಧದ ತಿಂಗಳಿನ ರಿಯಾಯಿತಿ ಇಲ್ಲ. ಹಾಗಾಗಿ ರಾತ್ರಿ ಕದ್ದು ನದಿಗೆ ಇಳಿಯುತ್ತಾರೆ, ಸಿಕ್ಕಿಬೀಳುತ್ತಾರೆ, ಬಲೆಯನ್ನು ದಡದಲ್ಲಿ ಸುಡಲಾಗುತ್ತದೆ. ಬಲೆಯ ಸಾಲ ಮಾತ್ರ ಸುಡುವುದಿಲ್ಲ. ಡಾಕಾ, ಕಲ್ಕತ್ತಾಗಳ ಶ್ರೀಮಂತ ಮೇಜುಗಳಲ್ಲಿ ಇಲಿಶ್ ಇರುವುದು ಚಾಂದ್‌ಪುರ, ಭೋಲಾದ ಗುಡಿಸಲುಗಳಲ್ಲಿ ಆ 22 ದಿನ ಒಲೆ ಹೇಗೆ ಉರಿಯಿತು ಎಂಬುದರ ಮೇಲೆ ನಿಂತಿದೆ.

ಭಾರತದ ಕಡೆಯಲ್ಲಿ ಈಚೆಗೆ ಎರಡು ಕೆಲಸ ನಡೆದಿವೆ. ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಫರಕ್ಕಾದ ಕೆಳಗೆ ಹಿಡಿದ ಇಲಿಶ್‌ಗಳನ್ನು ಜೀವಂತವಾಗಿ ಮೇಲಕ್ಕೆ ಒಯ್ದು ಗಂಗೆಗೆ ಬಿಡುತ್ತಿದ್ದಾರೆ. ಬಲೆಯಿಂದ ಎತ್ತಿದ ಕೂಡಲೇ ಸಾಯುವ ಸುಕುಮಾರ ಮೀನು ಇದು. ಅದನ್ನು ಸಾವಿರಾರು ಸಂಖ್ಯೆಯಲ್ಲಿ ಬದುಕಿಸಿ ದಾಟಿಸಿದ್ದು ಸಾಧಾರಣ ಕೆಲಸವಲ್ಲ. ಇನ್ನೊಂದು, ಹಡಗುಗಳು ದಾಟಲು ಫರಕ್ಕಾದಲ್ಲಿ ಕಟ್ಟುವ ಹೊಸ ಲಾಕ್‌ನ ಬಾಗಿಲನ್ನು ಮೀನು ಹೆಚ್ಚಾಗಿ ಚಲಿಸುವ ನಸುಕಿನ ಹೊತ್ತು ಮೀನಿಗೂ ತೆರೆದಿಡುವ ಯೋಜನೆಯನ್ನು 2019ರಲ್ಲಿ ಪ್ರಕಟಿಸಲಾಯಿತು. ಬುಟ್ಟಿಯಲ್ಲಿ ಹೊತ್ತು ದಾಟಿಸುವುದಕ್ಕಿಂತ ಬಾಗಿಲು ತೆರೆಯುವುದೇ ಸರಿಯಾದ ಕ್ರಮವೆಂದು ನಮ್ಮ ಭಾವನೆ.

ಭಾರತ, ಬಾಂಗ್ಲಾದೇಶಗಳು ಗಂಗೆಯ ನೀರು ಹಂಚಿಕೊಂಡ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಸಹಿ ಬಿತ್ತು. ಅದರ ಅವಧಿ 30 ವರ್ಷ. ಅದಕ್ಕೆ ಲಗತ್ತಿಸಿದ ಕೋಷ್ಟಕದಲ್ಲಿ ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನಗಳಿಗೆ ಯಾರಿಗೆ ಎಷ್ಟು ನೀರು ಎಂದು ಬರೆದಿದೆ. ಇಲಿಶ್ ದೊಡ್ಡ ಸಂಖ್ಯೆಯಲ್ಲಿ ಬ್ಯಾರೇಜಿನ ಬಾಗಿಲಿಗೆ ಬರುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಆ ತಿಂಗಳುಗಳಲ್ಲಿ ನದಿಯಲ್ಲಿ ಎರಡೂ ದೇಶಗಳಿಗೆ ಸಾಲುವಷ್ಟು ನೀರಿರುತ್ತದೆ. ಹಂಚಿಕೊಳ್ಳುವ ತಕರಾರಿಲ್ಲ, ಆದ್ದರಿಂದ ಕೋಷ್ಟಕವೂ ಇಲ್ಲ.